ಬರ್ತೀನಿ ಎನ್ನದ ಇಸೊಗಾಯ್

ಇಸೊಗಾಯ್ ತೊಕುಜಿಯವರನ್ನು ನಾನು ಮೊದಲ ಸಲ ಕಂಡದ್ದು ಬೆನ್ನಿನ ಕಡೆಯಿಂದ. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಕುಸುಜಿಮ ದ್ವೀಪದ ಶಾಲೆಗೆ ಭಾಷಾ ಉಪಾಧ್ಯಾಯನಾಗಿ ನೇಮಕಗೊಂಡು, ಎರಡು ಪೆಟ್ಟಿಗೆ ಪುಸ್ತಕಗಳೊಡನೆ ಲಾಂಚ್ ಹತ್ತಿದ್ದೆ. ಆ ಲಾಂಚಿಗೆ ಮುಂದು ಹಿಂದು ಎಂಬುದಿರಲಿಲ್ಲ. ಎರಡು ತುದಿಗೂ ಒಂದೇ ಬಗೆಯ ಇಳಿಹಲಗೆ. ದಡ ಮುಟ್ಟಿದ ಮೇಲೆ ಲಾಂಚ್ ತಿರುಗುತ್ತಿರಲಿಲ್ಲ, ಅದನ್ನು ನಡೆಸುವ ಮನುಷ್ಯ ತಿರುಗಿ ನಿಲ್ಲುತ್ತಿದ್ದ. ಹಾಗೆ ತಿರುಗಿ ನಿಂತು ನನಗೆ ಬೆನ್ನು ಹಾಕಿದ್ದವರನ್ನು, ಆಚೆ ದಡಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಕೇಳಿದೆ.

"ಒಂದು ದಾಟು."

"ಹಾಗಂದ್ರೆ?"

"ಒಂಬತ್ತು ನಿಮಿಷ. ಹೊಸಬರಿಗೆ ಹತ್ತು."

ಜಗತ್ತಿನ ಸಮಸ್ತ ಕಾಲವನ್ನೂ ಅವರು ದಾಟುಗಳಲ್ಲೇ ಅಳೆಯುತ್ತಿದ್ದರು. ಅನ್ನ ಬೇಯಲು ಎರಡು ದಾಟು, ಸ್ನಾನಕ್ಕೆ ಮೂರು, ಊರಿನ ಹಿರಿಯರ ಭಾಷಣಕ್ಕೆ ಐದು. ನೆಲದ ಮೇಲೂ ಕಾಲುಗಳನ್ನು ಅಗಲಿಸಿ, ಭೂಮಿ ಯಾವ ಗಳಿಗೆಯಲ್ಲಾದರೂ ವಾಲೀತು ಎಂಬ ಸಂಶಯದಿಂದ ಹೆಜ್ಜೆಯಿಡುತ್ತಿದ್ದರು. ಮೈಮೇಲೆ ಸದಾ ಲಾಂಚ್ ಕಂಪನಿಯ ಕಡುನೀಲಿ ಉಣ್ಣೆಯ ಕೋಟು. ಮುಂದೆ ಸೇತುವೆ ಬಂದು, ಲಾಂಚ್ ನಿಂತು, ಕಂಪನಿಯೂ ಮುಚ್ಚಿದಾಗ ಅವರು ಎದೆಯ ಮೇಲಿನ ಲಾಂಛನವನ್ನು ತಾವೇ ಹೊಲಿಗೆ ಬಿಡಿಸಿ ತೆಗೆದರು. ಕೋಟನ್ನು ಮಾತ್ರ ಬಿಡಲಿಲ್ಲ. ಬಿಸಿಲಿಗೆ ಮಾಸಿದ ಆ ಬಟ್ಟೆಯ ಮೇಲೆ, ಲಾಂಛನವಿದ್ದ ಜಾಗದಲ್ಲಿ, ಹೊಸತರ ಬಣ್ಣದ ಒಂದು ದುಂಡನೆಯ ಗುರುತು ಇಂದಿಗೂ ಉಳಿದಿದೆ.

ಮೂವತ್ತೆಂಟು ವರ್ಷ ಲಾಂಚ್ ನಡೆಸಿದವರು ತಮ್ಮ ಅರವತ್ತಮೂರನೆಯ ವಯಸ್ಸಿನಲ್ಲಿ, ಯಾರನ್ನೂ ಕೇಳದೆ, ಇಪ್ಪತ್ತೊಂದು ಅಡಿಯ ಒಂದು ಹಳೆಯ ಹಾಯಿದೋಣಿಯನ್ನು ಕೊಂಡು ತಂದರು. ಅದರ ಪಕ್ಕೆಯ ಮೇಲೆ ಹಸಿರಕ್ಷರದಲ್ಲಿ 'ಮಿದೊರಿ' ಎಂದು ಬರೆದಿತ್ತು. ಆ ದಿನ ದೋಣಿ ಕಟ್ಟುವ ಧಕ್ಕೆಯ ಮೇಲೆ ಅರ್ಧ ಊರೇ ನೆರೆದಿತ್ತು.

"ಈ ಮಿದೊರಿ ಯಾರು ಕ್ಯಾಪ್ಟನ್ರೇ? ಮನೇಲಿ ಗೊತ್ತಾ?" ಎಂದು ಕೆಣಕಿದವನು ಕನ್ಬಾರ. ಮೂವತ್ತು ವರ್ಷ ಅವರ ಲಾಂಚಿನಲ್ಲಿ ಹಗ್ಗದ ಕೆಲಸ ಮಾಡಿ, ಆಮೇಲೆ ಕಡಲಪಾಚಿಯ ಬೇಸಾಯಕ್ಕಿಳಿದವನು.

"ಹಿಂದಿನ ಯಜಮಾನನ ಹೆಂಡತಿಯೋ ನಾಯಿಯೋ. ನಾನು ಕೇಳಲಿಲ್ಲ."

"ಅಳಿಸಿ ಕಿನುಯೆ ಅಕ್ಕನ ಹೆಸರು ಬರೀರಿ ಮತ್ತೆ!"

"ಬೇಡಪ್ಪ," ಎಂದರು ಹಿಂದೆ ನಿಂತಿದ್ದ ಕಿನುಯೆ. "ನೀರು ಕಂಡ್ರೆ ನನಗೆ ವಾಂತಿ ಬರುತ್ತೆ. ನನ್ನ ಹೆಸರಿಗೂ ಬಂದೀತು."

ಅವರು ಇಸೊಗಾಯ್ ಅವರ ಪತ್ನಿ. ಆ ದೋಣಿಗೆ ಅವರು ಕಾಲಿಡಲಿಲ್ಲ. ಇಸೊಗಾಯ್ ಬೇರೆ ಯಾರನ್ನೂ ಹತ್ತಿಸಲೂ ಇಲ್ಲ. ಒಮ್ಮೆ ನಾನೇ ಬಾಯಿಬಿಟ್ಟು ಕೇಳಿದ್ದುಂಟು. "ಟಿಕೆಟ್ ಮುಗಿದಿದೆ ಮೇಷ್ಟ್ರೇ," ಎಂದು ಹಾಯಿ ಬಿಚ್ಚಿದರು. ಒಬ್ಬರೇ ಹೋಗುವರು; ಒಮ್ಮೊಮ್ಮೆ ಒಂದು ದಿನ, ಒಮ್ಮೊಮ್ಮೆ ಮೂರು ದಿನ. ಎಲ್ಲಿಗೆಂದು ಹೇಳರು; ಬಂದ ಮೇಲೆ ಏನು ಕಂಡೆನೆಂದೂ ಹೇಳರು.

ನಮ್ಮಲ್ಲಿ ಹೊಸ್ತಿಲು ದಾಟುವವರು ಬರಿಯ 'ಹೋಗ್ತೀನಿ' ಎನ್ನುವುದಿಲ್ಲ. 'ಹೋಗಿ ಬರ್ತೀನಿ' ಎನ್ನುತ್ತಾರೆ. ಮನೆಯಲ್ಲಿ ಉಳಿದವರು 'ಹೋಗಿ ಬನ್ನಿ' ಎನ್ನುತ್ತಾರೆ. ಹೋಗುವುದು ಅಪೂರ್ಣ ಕ್ರಿಯೆ, ಬರುವುದರಿಂದಲೇ ವಾಕ್ಯ ಪೂರ್ಣವಾಗುತ್ತದೆ ಎಂದು ನಾನು ಎಷ್ಟೋ ತಲೆಮಾರಿನ ಮಕ್ಕಳಿಗೆ ಹೇಳಿಕೊಟ್ಟವನು. ನನ್ನ ಪಕ್ಕದ ಮನೆಯಲ್ಲೇ ಆ ಪಾಠ ಸೋತಿತ್ತು. ಕೋಟು ತೊಟ್ಟು, ಬುತ್ತಿ ಹಿಡಿದು, ಬಾಗಿಲು ಸರಿಸಿ ಇಸೊಗಾಯ್ "ಹೋಗ್ತೀನಿ" ಎನ್ನುವರು. ಒಳಗಿನಿಂದ ಕಿನುಯೆ, ಎರಡನೆಯ ಪದವನ್ನು ಎಳೆದು ಒತ್ತಿ, "ಹೋಗಿ ಬ...ನ್ನಿ" ಎನ್ನುವರು. ಹದಿಮೂರು ವರ್ಷ ಈ ಜಗ್ಗಾಟ ನಡೆಯಿತು.

"ನೀವಾದ್ರೂ ಹೇಳಿ ಮೇಷ್ಟ್ರೇ," ಎಂದು ಆಕೆ ಒಂದು ದಿನ ಬೇಲಿಯಾಚೆಯಿಂದ ದೂರಿದರು. "ಬರೀ ಹೋಗ್ತೀನಿ ಅನ್ನೋದು ಸಾವಿನ ಮನೆ ಮಾತಲ್ವಾ? ವ್ಯಾಕರಣದಲ್ಲಿ ಇದಕ್ಕೇನೂ ಶಿಕ್ಷೆ ಇಲ್ವಾ?"

ನಾನು ಹೇಳಿದೆ. ಇಸೊಗಾಯ್ ಗಂಭೀರವಾಗಿ ಕೇಳಿಸಿಕೊಂಡರು.

"ಮೂವತ್ತೆಂಟು ವರ್ಷ, ದಿನಕ್ಕೆ ಹನ್ನೊಂದು ಸಲ ಹೋಗಿ ಬಂದೆ ಮೇಷ್ಟ್ರೇ. ಒಂದು ದಿನಾನೂ ಒಂಬತ್ತು ನಿಮಿಷಕ್ಕಿಂತ ದೂರ ಹೋಗಲಿಲ್ಲ. ಬರೋದು ಸಾಕಾಗಿದೆ. ಈಗ ಬರೀ ಹೋಗ್ತೀನಿ, ಅಷ್ಟೇ."

"ಆದರೂ ಬರ್ತೀರಲ್ಲ?"

"ಬರ್ತೀನಿ. ಆದ್ರೆ ಹೇಳಲ್ಲ."

ಹೇಳದೆ ಬರುವ ಆ ಸ್ವಾತಂತ್ರ್ಯವೊಂದೇ ಅವರು ಬದುಕಿನಲ್ಲಿ ತಮಗಾಗಿ ಕೊಂಡುಕೊಂಡ ವಸ್ತುವೆಂದು ಆಗ ನನಗೆ ಹೊಳೆಯಿತು. ಮತ್ತೆ ತಿದ್ದಲು ಹೋಗಲಿಲ್ಲ.

ಅವರಿಗೆ ಎಪ್ಪತ್ತಾರು ನಡೆಯುತ್ತಿದ್ದಾಗ ಒಂದು ಬದಲಾವಣೆಯನ್ನು ಕಂಡೆ. ಕಂಡೂ ತಪ್ಪಾಗಿ ಓದಿದೆ. ಧಕ್ಕೆಯ ದಾರಿಯಲ್ಲಿ ಅವರ ಎಡಗಡೆಗೆ ನಡೆದರೆ ಮಾತಾಡುವರು; ಬಲಗಡೆಗೆ ನಡೆದರೆ, ನಾನು ನಗುತ್ತ ತಲೆಬಾಗಿಸಿದರೂ, ಗೋಡೆಯಂತೆ ಮುಂದೆ ಹೋಗಿಬಿಡುವರು. ಮುದುಕನಿಗೆ ಬಿಗುಮಾನ ಹೆಚ್ಚಿತು ಎಂದುಕೊಂಡು ಒಂದು ವಾರ ನಾನೂ ಮುಖ ತಿರುಗಿಸಿದೆ.

ಆ ಅಕ್ಟೋಬರಿನಲ್ಲಿ ಕನ್ಬಾರ ತನ್ನ ಪಾಚಿ ಬೆಳೆಸುವ ಬಲೆಗಳನ್ನು ಕಡಲಿಗಿಳಿಸಿ ನಾಲ್ಕು ದಿನವಾಗಿತ್ತು. ಕಿತ್ತಳೆ ಬಣ್ಣದ ನೂರಾರು ತೇಲುಗುಂಡುಗಳು, ಎಳೆಯ ಮಕ್ಕಳಿಗೂ ಕಾಣುವಂಥವು. ನಡುಹಗಲು, ನಿರ್ಮಲವಾದ ಬೆಳಕು. ಮಿದೊರಿ ಹಾಯಿ ತುಂಬಿಕೊಂಡು ನೇರವಾಗಿ ಬಂದು ಆ ಬಲೆಗಳ ಮೇಲೆ ಏರಿ, ನಾಲ್ಕು ಸಾಲು ಹರಿದು, ಸಿಕ್ಕಿಕೊಂಡು ನಿಂತಿತು. ಕನ್ಬಾರ ತನ್ನ ಯಂತ್ರದೋಣಿಯಲ್ಲಿ ಧಾವಿಸಿದ. ಮುಂದಿನದನ್ನು ಅವನ ಬಾಯಿಯಿಂದಲೇ ಕೇಳಿದ್ದೇನೆ.

"ಬಯ್ಯೋಣ ಅಂತಾನೇ ಹೋದೆ ಮೇಷ್ಟ್ರೇ. ವರ್ಷದ ಮೊದಲ ಬೆಳೆ. ಪಕ್ಕಕ್ಕೆ ಹೋಗಿ, ಹಗ್ಗ ಎಸೀರಿ ಎಳೀತೀನಿ ಅಂದೆ. ಎಸೆದ್ರು. ಎಲ್ಲಿಗೆ ಗೊತ್ತಾ? ನಾನು ಇದ್ದದ್ದು ಅವರ ಬಲಕ್ಕೆ. ಎಸೆದದ್ದು ಎಡಕ್ಕೆ, ಬರೀ ನೀರಿಗೆ. ಇಲ್ಲಿದ್ದೀನಿ ಕ್ಯಾಪ್ಟನ್ರೇ ಅಂದೆ. ಮತ್ತೆ ನೀರಿಗೇ ಎಸೆದ್ರು. ಮೂವತ್ತು ವರ್ಷ ಆ ಮನುಷ್ಯ ಕಣ್ಣು ಮುಚ್ಚಿ ಎಸೆದ್ರೂ ಹಗ್ಗ ನನ್ನ ಕೈಗೇ ಬೀಳ್ತಿತ್ತು."

ಕನ್ಬಾರ ಬಯ್ಯಲಿಲ್ಲ. "ಏನಿಲ್ಲ ಬಿಡಿ, ಬಲೆ ತಾನೆ," ಎಂದು ಮಿದೊರಿಯನ್ನು ಕಟ್ಟಿ ಎಳೆದು ತಂದ. ಧಕ್ಕೆ ಮುಟ್ಟಲು ಮೂರು ದಾಟಿನಷ್ಟು ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಇಸೊಗಾಯ್ ದಡಕ್ಕೆ ಬೆನ್ನು ಮಾಡಿ ಕುಳಿತಿದ್ದರು. "ಅವನು ಬಯ್ದಿದ್ರೆ ಚೆನ್ನಾಗಿತ್ತು," ಎಂದಷ್ಟೇ ಆ ಸಂಜೆ ನನ್ನೊಡನೆ ಹೇಳಿದರು.

ಯಾವಾಗಲೋ ಮಿದುಳಿನ ಒಂದು ಸಣ್ಣ ರಕ್ತನಾಳ ಕಟ್ಟಿ, ಎರಡು ಕಣ್ಣಿನ ಬಲಪಾರ್ಶ್ವದ ನೋಟವೂ ಅಳಿದಿದೆಯೆಂದು ವೈದ್ಯರು ಹೇಳಿದರು. ತಮಗೇ ಅದು ತಿಳಿದಿರಲಿಲ್ಲವೆಂದರು ಇಸೊಗಾಯ್. ಅದು ನಿಜವಿರಬೇಕು, ಇಲ್ಲದ ಅರ್ಧ ಇಲ್ಲವೆಂದು ಯಾರಿಗೆ ಕಂಡೀತು? ಆದರೆ ತಿಳಿದಿದ್ದವರು ಒಬ್ಬರಿದ್ದರು. ಆ ವಾರ ಬೇಲಿಯ ಬಳಿ ಬಂದ ಕಿನುಯೆ, ನನ್ನ ಮುಖ ನೋಡದೆ, ಸೊಪ್ಪು ಸೋಸುತ್ತ ಹೇಳಿದರು:

"ಬೇಸಿಗೆಯಿಂದಾನೇ ಬಲಗಡೆ ಇಟ್ಟ ಉಪ್ಪಿನಕಾಯಿ ತಿಂತಾನೇ ಇರಲಿಲ್ಲ ಮೇಷ್ಟ್ರೇ. ಉಪ್ಪಿನಕಾಯಿ ಎಲ್ಲಿ ಅಂತ ನನ್ನನ್ನೇ ಕೇಳೋರು. ಎದುರಿಗೇ ಇರೋದು. ನಾನು ಬಟ್ಟಲನ್ನ ಎಡಕ್ಕೆ ಸರಿಸಿದೆ. ಆಮೇಲೆ ಎಲ್ಲಾನೂ ಎಡಕ್ಕೇ ಸರಿಸ್ತಾ ಬಂದೆ."

"ಹೇಳಬಹುದಿತ್ತಲ್ಲ ಅಮ್ಮ."

"ಹೇಳಿದ್ರೆ ದೋಣಿ ನಿಲ್ತಿತ್ತು." ಒಂದು ಹಳದಿ ಎಲೆಯನ್ನು ಕಿತ್ತೆಸೆದು, "ಹೋಗ್ತೀನಿ ಅನ್ನುವಾಗ ಆ ಮುಖ ನೀವು ನೋಡಿಲ್ಲ," ಎಂದರು.

ಗಂಡನ ಪ್ರಾಣವನ್ನು ತಕ್ಕಡಿಯ ಒಂದು ತಟ್ಟೆಯಲ್ಲೂ ಆ ಮುಖವನ್ನು ಇನ್ನೊಂದರಲ್ಲೂ ಇಟ್ಟು, ಒಂದಿಡೀ ಬೇಸಿಗೆ ಆಕೆ ಒಬ್ಬರೇ ಹಿಡಿದು ನಿಂತಿದ್ದರು. ಸಮುದ್ರಕ್ಕೆ ಒಂಟಿಯಾಗಿ ಹೋಗುತ್ತಿದ್ದವರು ಇಸೊಗಾಯ್ ಒಬ್ಬರೇ ಎಂದು ನಾವೆಲ್ಲ ತಿಳಿದದ್ದು ತಪ್ಪು.

ಈಗ ಇಸೊಗಾಯ್ ಅವರಿಗೆ ಎಪ್ಪತ್ತೊಂಬತ್ತು. ದೋಣಿ ನಡೆಸುವ ಪರವಾನಗಿಯನ್ನು ಅವರೇ ನವೀಕರಿಸಲಿಲ್ಲ. ಮಿದೊರಿ ಧಕ್ಕೆಯಲ್ಲಿದೆ, ಮುಂದೊಂದು ಹಗ್ಗ, ಹಿಂದೊಂದು ಹಗ್ಗ, ಹಾಯಿಗೆ ಹೊದಿಕೆ. ಬೆಳಿಗ್ಗೆ ಕೋಟು ತೊಟ್ಟು, ಬುತ್ತಿಯೊಡನೆ ಹೋಗಿ ಚುಕ್ಕಾಣಿಯ ಬಳಿ ಕೂರುತ್ತಾರೆ. ಪಾಚಿ ಒಣಗಿಸಲು ಹೋಗುವ ಕನ್ಬಾರ ಅವರ ಎಡಗಡೆಗೆ ಬಂದು ನಿಂತು, ಗಾಳಿ ಹೇಗಿದೆಯೆಂದು ಕೇಳುತ್ತಾನೆ. ಅವರು ಉತ್ತರಿಸುತ್ತಾರೆ. ದಾಟುಗಳ ಲೆಕ್ಕ ಬಿಟ್ಟಿದ್ದಾರೆ. ಈಗ ಎಲ್ಲರಂತೆ ಗಂಟೆ ಕೇಳುತ್ತಾರೆ. ಸಂಜೆ ಐದಕ್ಕೆ ತಪ್ಪದೆ ಮನೆಗೆ ಮರಳುತ್ತಾರೆ.

ಬದುಕೆಲ್ಲ ಇತರರನ್ನು ಹೊತ್ತಿಗೆ ಸರಿಯಾಗಿ ದಡ ಸೇರಿಸಿದವರನ್ನು ನಾನು ಬಹಳ ಮಂದಿ ಕಂಡಿದ್ದೇನೆ; ನನ್ನ ಕಸುಬಿನವರೂ ಅಂಥವರೇ. ಇಂಥವರು ಬೇಡುವುದು ದೂರದ ದೇಶವನ್ನಲ್ಲ, ಯಾರಿಗೂ ಹೊತ್ತು ಹೇಳದೆ ಹೊರಡುವ ಕೆಲವು ಬೆಳಗುಗಳನ್ನು. ಅದು ಅವರಿಗೆ ತಡವಾಗಿ ದೊರೆಯುತ್ತದೆ, ಬೇಗ ಮುಗಿಯುತ್ತದೆ. ಆಮೇಲೆ ಅವರು ಯಾರ ಮೇಲೂ ಸಿಟ್ಟಾಗದೆ, ಎಲ್ಲರೂ ಬಯಸಿದಷ್ಟು ವಿಧೇಯರಾಗಿಬಿಡುತ್ತಾರೆ. ಆ ವಿಧೇಯತೆಯನ್ನು ನೋಡುವುದು ಕಷ್ಟ.

ಇಂದು ಬೆಳಿಗ್ಗೆಯೂ ಪಕ್ಕದ ಮನೆಯ ಬಾಗಿಲು ಸರಿಯಿತು.

"ಹೋಗಿ ಬರ್ತೀನಿ," ಎಂದರು ಇಸೊಗಾಯ್. ವಾಕ್ಯ ಪೂರ್ಣವಾಗಿತ್ತು.

ಒಳಗೆ ಪಾತ್ರೆಯ ಸದ್ದು ನಿಂತಿತು. "ಹೂಂ," ಎಂದರು ಕಿನುಯೆ. "ಹೋಗಿ."