ಐವತ್ತು ಜನಕ್ಕೆ ಹೆಚ್ಚಿನ ಅಕ್ಕಿ

ವಂಡ್ಸೆಯ ಶೇಖರಣ್ಣ ಅಡುಗೆಗೆ ನಿಂತರೆ ಊಟ ಕಡಿಮೆ ಬಿತ್ತು ಎಂಬ ಮಾತೇ ಇಲ್ಲ. ಮೆಹಂದಿಯ ಕೋಳಿ ಸುಕ್ಕ ಇರಲಿ, ಗೃಹಪ್ರವೇಶದ ಪಾಯಸ ಇರಲಿ, ಸೌಟು ಅವರ ಕೈಯಲ್ಲಿದ್ದರೆ ಮನೆಯವರು ನಿಶ್ಚಿಂತೆಯಿಂದ ಓಡಾಡಿಕೊಂಡಿರಬಹುದು. ಪುಣ್ಯಾತ್ಮರಿಗೆ ಒಂದೇ ದೋಷ. ತಮ್ಮ ವಿಷಯ ಬಂದಾಗ ಮಾತ್ರ ಮುಂದಾಲೋಚನೆ ಸೊನ್ನೆ.

ಒಂದು ದಿನ ಅವರ ಗೆಳೆಯ ಭೋಜ ಫೋನ್ ಮಾಡಿದ. ಭೋಜನೂ ಅಡುಗೆಯವನೇ. ಕಳೆದ ಮಳೆಗಾಲದಲ್ಲಿ ಅವನಿಗೆ ಹೃದಯದ ಬೈಪಾಸ್ ಆಪರೇಷನ್ ಆಗಿತ್ತು. ತನ್ನ ನಾಲ್ಕು ಕೊಪ್ಪರಿಗೆಗಳನ್ನು ಮಾರುವುದಿದೆ, ಬಂದು ನೋಡು ಎಂದ. ಶೇಖರಣ್ಣ ಹೆಂಡತಿ ಅಮ್ಮಣ್ಣಿಯ ಜೊತೆ ರಿಕ್ಷಾ ಹತ್ತಿದರು. ಪಕ್ಕದ ಮನೆಯ ಮೋಹಿನಿಯೂ ಭೋಜನನ್ನು ಮಾತಾಡಿಸಿ ಬರೋಣವೆಂದು ಹೊರಟಳು. ಅವಳು ಮಹಿಳಾ ಸಂಘದ ಕಾರ್ಯದರ್ಶಿ. ಊರವರ ವಿಮೆಯ ಕಾಗದಗಳನ್ನು ಓದಿ ಹೇಳುವವಳು ಅವಳೇ.

ದಾರಿಯಲ್ಲಿ ಮೋಹಿನಿ ಗಂಭೀರ ಕಾಯಿಲೆ ವಿಮೆಯ ಮಾತು ತೆಗೆದಳು. ಶೇಖರಣ್ಣ ಕೈ ಬೀಸಿಬಿಟ್ಟರು. ಆಸ್ಪತ್ರೆಗೆ ಸರ್ಕಾರದ ಕಾರ್ಡ್ ಇದೆ, ಕಾಯಿಲೆ ಬಾರದಿದ್ದರೆ ಕಟ್ಟಿದ್ದೆಲ್ಲ ಹೊಳೆಗೆ ಹಾಕಿದ ಹಾಗೆ ಎಂದರು. ಅಮ್ಮಣ್ಣಿಗಂತೂ ಕಾಯಿಲೆಯ ಹೆಸರೆತ್ತಿದರೇ ಆಗದು. ಮೋಹಿನಿ ಕ್ಯಾನ್ಸರ್ ಎಂದರೆ ಒಮ್ಮೆ, ಪಾರ್ಶ್ವವಾಯು ಎಂದರೆ ಇನ್ನೊಮ್ಮೆ "ಬಿಡ್ತು, ಬಿಡ್ತು" ಎನ್ನುತ್ತಲೇ ಇದ್ದರು.

ಭೋಜನ ಮನೆಯ ಜಗಲಿಯಲ್ಲಿ ಕೊಪ್ಪರಿಗೆಗಳನ್ನು ಹುಣಸೆಹುಳಿ ಹಾಕಿ ತಿಕ್ಕಿ ಇಟ್ಟಿದ್ದರು. ಒಂದೊಂದರ ಅಂಚಿನಲ್ಲೂ ಚುಕ್ಕಿ ಹೊಡೆದು ಬರೆದ 'ಭೋಜ' ಎಂಬ ಹೆಸರು. ಮೂವತ್ತು ವರ್ಷ ಎಷ್ಟೋ ಮದುವೆಗೆ ಅನ್ನ ಬೇಯಿಸಿದ ಪಾತ್ರೆಗಳು. ಶೇಖರಣ್ಣ ಆ ಹೆಸರಿನ ಮೇಲೆ ಬೆರಳಾಡಿಸಿದರು.

"ಆಸ್ಪತ್ರೆ ಬಿಲ್ಲ್ ಕಾರ್ಡಲ್ಲೇ ಮುಗಿತ್ ಮಾರಾಯ," ಎಂದ ಭೋಜ. "ಆದ್ರೆ ಎಂಟ್ ತಿಂಗ್ಳ್ ಒಲಿ ಹತ್ರ ಹೋಪುಕೆ ಆಯ್ಲಿಲ್ಲ ಕಾಣ್. ನಾನ್ ಒಲಿ ಹತ್ಸದಿದ್ರೆ ನಮ್ಮನಿ ಒಲಿ ಹತ್ಸುದ್ ಯಾರ್?"

ಇಡೀ ಮದುವೆಯ ಸೀಸನ್ ಅವನ ಕೈತಪ್ಪಿತ್ತು. ಅಕ್ಕಿ, ಮಾತ್ರೆ, ಪ್ರತಿ ತಿಂಗಳು ಡಾಕ್ಟರ ಹತ್ತಿರ ಓಡಾಟ, ಇವು ಯಾವುದೂ ಕಾರ್ಡಿನ ಲೆಕ್ಕಕ್ಕೆ ಬರಲಿಲ್ಲ. ಶೇಖರಣ್ಣನಿಗೆ ನರ್ಸಿಂಗ್ ಓದುತ್ತಿದ್ದ ಮಗಳು ಶ್ರಾವ್ಯಳ ನೆನಪಾಯಿತು. ಎಂಟು ತಿಂಗಳು ತಾನು ಮಲಗಿದರೆ ಅವಳ ಓದು ಅಲ್ಲಿಗೇ ನಿಲ್ಲುತ್ತದೆ.

ಮೋಹಿನಿ ಮೆಲ್ಲಗೆ ಕೇಳಿದಳು, "ಶೇಖರಣ್ಣ, ಐನೂರ್ ಜನ ಅಂದ್ರೆ ನೀವ್ ಎಷ್ಟ್ ಜನಕ್ಕೆ ಅಕ್ಕಿ ಹಾಕ್ತ್ರಿ?"

"ಐನೂರೈವತ್ತಕ್ಕೆ."

"ಆ ಐವತ್ತ್ ಜನ ಬರ್ದಿದ್ರೆ ಹೊಳಿಗ್ ಹಾಕ್ದಾಂಗ್ ಆಯ್ತಾ?"

"ಅದ್ ಹ್ಯಾಂಗೆ? ಪಂಕ್ತಿಗ್ ಕೂತವ್ರಿಗೆ ಅನ್ನ ಇಲ್ಲ ಅಂಬುಕ್ ಆತ್ತಾ?" ಎಂದ ಶೇಖರಣ್ಣ, ಆ ವಿಮೆ ಎಂಥದ್ದೆಂದು ತಾವೇ ಕೇಳಿದರು.

ಆಮೇಲೆ ಮೋಹಿನಿ ಬಿಡಿಸಿ ಹೇಳಿದಳು. ಪಾಲಿಸಿಯ ಪಟ್ಟಿಯಲ್ಲಿರುವ ದೊಡ್ಡ ಕಾಯಿಲೆ ಇದೆ ಎಂದು ಗೊತ್ತಾದರೆ, ಷರತ್ತಿನಂತೆ ಒಂದೇ ಗಂಟಾಗಿ ಹಣ ಬರುತ್ತದೆ. ಅದು ಆಸ್ಪತ್ರೆಗೇ ಆಗಬೇಕೆಂದಿಲ್ಲ. ಅಕ್ಕಿಗೂ ಆಯಿತು, ಮಗಳ ಫೀಸಿಗೂ ಆಯಿತು. ಆದರೆ ಪಾಲಿಸಿ ಮಾಡಿದ ಮೊದಲ ಕೆಲವು ತಿಂಗಳು ಕಾಯಬೇಕು, ಅಷ್ಟರೊಳಗೆ ಕಾಯಿಲೆ ಗೊತ್ತಾದರೆ ಹಣ ಸಿಗದು. ಕಾಯಿಲೆ ಗೊತ್ತಾದ ಮೇಲೂ ಇಷ್ಟು ದಿನ ಬದುಕಿರಬೇಕೆಂಬ ಷರತ್ತು ಇರುವುದುಂಟು. ಆಸ್ಪತ್ರೆಯ ಕಾರ್ಡನ್ನಂತೂ ಬಿಡಬಾರದು, ಅದೂ ಬೇಕು, ಇದೂ ಬೇಕು.

ಮರುವಾರ ಕುಂದಾಪುರದ ವಿಮಾ ಕಚೇರಿಯಲ್ಲಿ ಫಾರ್ಮ್ ತುಂಬುವಾಗ ಶೇಖರಣ್ಣ ಶುಗರ್ ಇರುವುದನ್ನು ಮುಚ್ಚಿಡಲು ನೋಡಿದರು. ಮೋಹಿನಿ ಬಾಯಿ ತೆರೆಯುವ ಮೊದಲೇ ಅಮ್ಮಣ್ಣಿ ತಡೆದರು.

"ಹ್ವಾಯ್, ಬರೀರಿ. ರುಚಿ ಕಾಂತೆ ಅಂದ್ಕಂಡ್ ನೀವ್ ನಾಕ್ ಲೋಟ ಪಾಯ್ಸ ಕುಡುದ್ ಊರಿಗೇ ಗೊತ್ತಿತ್ತ್. ಇವ್ರಿಗ್ ಮಾತ್ರ ಎಂತಕ್ ಮುಚ್ಚುದ್?"

ಮುಚ್ಚಿಟ್ಟರೆ ನಾಳೆ ಹಣ ಕೇಳುವಾಗ ಇಲ್ಲ ಎನ್ನಬಹುದು ಎಂದು ಮೋಹಿನಿ ಸೇರಿಸಿದಳು. ಶೇಖರಣ್ಣ ಬರೆದರು. ಕಂತು ತುಸು ಹೆಚ್ಚಾಯಿತು, ಮನಸ್ಸು ಹಗುರಾಯಿತು. 'ಬಿಡ್ತು' ಎನ್ನುತ್ತಿದ್ದ ಅಮ್ಮಣ್ಣಿಯೇ ತಮಗೂ ಒಂದು ಫಾರ್ಮ್ ಕೇಳಿ ತೆಗೆದುಕೊಂಡರು.

ಕೊಪ್ಪರಿಗೆಗಳನ್ನು ಶೇಖರಣ್ಣ ಕೊಳ್ಳಲಿಲ್ಲ. ಬಾಡಿಗೆಗೆ ತಂದರು. ಭೋಜ ಚೇತರಿಸಿಕೊಳ್ಳುವವರೆಗೆ ಪ್ರತಿ ಮದುವೆಯ ಬಾಡಿಗೆ ಅವನ ಮನೆಗೇ ಹೋಗುತ್ತದೆ. ಅಂಚಿನ ಮೇಲಿನ ಹೆಸರನ್ನು ಯಾರೂ ಮುಟ್ಟಬಾರದೆಂದು ಪಾತ್ರೆ ತೊಳೆಯುವವರಿಗೆ ಹೇಳಿಟ್ಟಿದ್ದಾರೆ.

ಅಡುಗೆಯವರೇ, ರಿಕ್ಷಾದವರೇ, ದುಡಿದರಷ್ಟೇ ಮನೆ ನಡೆಯುವ ನಮ್ಮ ಅಕ್ಕ ತಂಗಿಯರೇ, ಮೈಯಲ್ಲಿ ಶಕ್ತಿ ಇರುವಾಗಲೇ ಗಂಭೀರ ಕಾಯಿಲೆ ವಿಮೆಯ ಬಗ್ಗೆ ವಿಚಾರಿಸಿ. ಯಾವ ಕಾಯಿಲೆ ಸೇರಿದೆ, ಎಷ್ಟು ದಿನ ಕಾಯಬೇಕು ಎಂದು ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ. ಇರುವ ಕಾಯಿಲೆಯನ್ನು ಮುಚ್ಚಿಡಬೇಡಿ. ಬಾರದ ಐವತ್ತು ಜನಕ್ಕೂ ಅಕ್ಕಿ ಹಾಕುವವರು ನಾವು. ನಮ್ಮ ಮನೆಯವರಿಗಾಗಿ ಒಂದು ಹಿಡಿ ಹೆಚ್ಚು ಹಾಕಿಡೋಣ.