ಹಿರಿಯರ ಫೋಲ್ಡರ್

‘ಇಲ್ಲಿ ಉಳಿಸಲು ನಿಮಗೆ ಅನುಮತಿ ಇಲ್ಲ. ಅಡ್ಮಿನಿಸ್ಟ್ರೇಟರನ್ನು ಕೇಳಿ’ ಎಂದು ಕಂಪ್ಯೂಟರ್ ಮತ್ತೆ ಅದೇ ರಾಗ ಎಳೆದಾಗ ಮಲ್ಸೂನ್ ಮೌಸನ್ನು ಮೇಜಿಗೆ ಕುಕ್ಕಿದಳು. ಅವಳು ಈ ಜಾಂಗ್ ಮನೆತನದ ಹಿರಿಸೊಸೆ. ಕೊರಿಯಾದ ಆಂದೊಂಗ್ ಸೀಮೆಯಲ್ಲಿ ಹಿರಿಸೊಸೆಯೆಂದರೆ ಗಂಡನ ಮನೆಯ ಸತ್ತವರಿಗೆಲ್ಲ ಬೇಯಿಸಿ ಹಾಕುವವಳು. ಇಷ್ಟು ವರ್ಷ ಅತ್ತೆಯನ್ನು ಕೇಳಿದ್ದಾಯಿತು, ಗಂಡನನ್ನು ಕೇಳಿದ್ದಾಯಿತು. ಈಗ ಈ ಡಬ್ಬಿಯನ್ನೂ ಕೇಳಬೇಕಂತೆ.

ಅವಳು ಉಳಿಸಬೇಕಿದ್ದುದು ಒಂದೇ ಹಾಳೆ, ಅವಳ ತಾಯಿಯದು. ಎಡೆಯಿಡುವ ದಿನ ಸತ್ತವರ ಕುಲದ ಹೆಸರನ್ನು ಕಾಗದದ ಪಟ್ಟಿಯಲ್ಲಿ ಬರೆದು, ಎಡೆಯ ಹಿಂದೆ ನಿಲ್ಲಿಸಿ, ಅಡ್ಡಬಿದ್ದು, ಕೊನೆಗೆ ಪಟ್ಟಿಯನ್ನು ಸುಟ್ಟುಬಿಡುತ್ತಾರೆ. ಮುಂದಿನ ಸಲಕ್ಕೆ ಹೊಸದು ಬೇಕು. ಕುಂಚ ಹಿಡಿದು ಬರೆಯುತ್ತಿದ್ದ ಮಾವ ತೀರಿಕೊಂಡ ಮೇಲೆ ಆ ಪಟ್ಟಿಗಳೆಲ್ಲ ಕಂಪ್ಯೂಟರಿನ ‘ಹಿರಿಯರು’ ಎಂಬ ಫೋಲ್ಡರಿಗೆ ಬಂದಿದ್ದವು. ಹಬ್ಬದ ಬೆಳಿಗ್ಗೆ ಅದರಲ್ಲಿರುವುದನ್ನೆಲ್ಲ ಯಾರಾದರೊಬ್ಬರು ಪ್ರಿಂಟ್ ಹಾಕುತ್ತಾರೆ. ಫೋಲ್ಡರಿನಲ್ಲಿ ಇದ್ದವರಿಗೆ ಊಟ, ಇಲ್ಲದವರಿಗೆ ಇಲ್ಲ.

ಮಲ್ಸೂನಳ ತಾಯಿಗೆ ಹೆತ್ತದ್ದೆಲ್ಲ ಹೆಣ್ಣು. ಇನ್ನಾದರೂ ಹೆಣ್ಣು ಸಾಕು ಎಂದೇ ಕಡೆಯವಳಾದ ಇವಳಿಗೆ ‘ಕೊನೆಯ ಹುಡುಗಿ’ ಎಂಬರ್ಥದ ಮಲ್ಸೂನ್ ಎಂಬ ಹೆಸರಿಟ್ಟಿದ್ದರು. ಎಡೆಯಿಡಲು ಗಂಡುಮಗನಿಲ್ಲದ ಆ ಹೆಂಗಸು ಸತ್ತು ಇವತ್ತಿಗೆ ವರ್ಷ. ನಾಳೆ ಹಿರಿಯರಿಗೆಲ್ಲ ಎಡೆಯಿಡುವ ಚುಸೊಕ್ ಹಬ್ಬ.

ಫೋಲ್ಡರಿಗೆ ಬೀಗ ಬಿದ್ದದ್ದಕ್ಕೂ ಒಂದು ಕಥೆಯಿದೆ. ಹಿಂದೊಂದು ಹಬ್ಬದಲ್ಲಿ ಅವಳ ಗಂಡ ದೊಕ್ಸು ಅಜ್ಜಿಯ ಹಾಳೆಯನ್ನು ಅಜ್ಜನ ಹಾಳೆಯ ಮೇಲೆಯೇ ಉಳಿಸಿಬಿಟ್ಟಿದ್ದ. ಪ್ರಿಂಟಿನಲ್ಲಿ ಬಂದವರು ಇಬ್ಬರು ಅಜ್ಜಿಯರು. ಮನೆಮಂದಿಯೆಲ್ಲ ಅಜ್ಜಿಗೇ ಎರಡು ಸಲ ಅಡ್ಡಬಿದ್ದರು, ಅಜ್ಜ ಉಪವಾಸ ಹೋದ. ವಿಷಯ ತಿಳಿದು ಹೌಹಾರಿದ ಮೈದುನ ಜೊಂಗ್‌ಪಿಲ್, ತಾನು ಮತ್ತು ಅಣ್ಣ ಇಬ್ಬರೇ ಅಲ್ಲಿ ಕೈಯಾಡಿಸುವಂತೆ ಮಾಡಿಟ್ಟ. ತಪ್ಪು ಮಾಡಿದವನು ದೊಕ್ಸು, ಬಾಗಿಲು ಹಾಕಿದ್ದು ಮಲ್ಸೂನಳ ಮುಖಕ್ಕೆ. ನ್ಯಾಯ ಅಂದರೆ ಹೀಗಿರಬೇಕು!

ದೊಕ್ಸು ನೆಲದ ಮೇಲೆ ಕೂತು ಎಡೆಗೆ ಚೆಸ್ಟ್‌ನಟ್ ಸುಲಿಯುತ್ತಿದ್ದ.

‘ಡೆಸ್ಕ್‌ಟಾಪ್ ಮೇಲೆ ಇಟ್ಕೊಳ್ಳೇ. ಎಲ್ಲಿದ್ರೂ ಪ್ರಿಂಟ್ ಬರೋದು ಒಂದೇ ತಾನೆ’ ಎಂದ.

‘ನಾನು ಸತ್ಮೇಲೆ ಡೆಸ್ಕ್‌ಟಾಪಲ್ಲಿ ಹುಡುಕಿ ನಮ್ಮಮ್ಮಂಗೆ ಅನ್ನ ಇಡೋರು ಯಾರ್ರೀ? ಬದುಕಿರೋವರೆಗೂ ಎಲ್ಲರ ಮನೆ ಜಗಲೀಲೇ ಕೂತ್ಲು. ಇನ್ನು ಒಳಗೇ ಕೂರ್ಬೇಕು.’

ಅಷ್ಟರಲ್ಲಿ ಹಬ್ಬಕ್ಕೆಂದು ಜೊಂಗ್‌ಪಿಲ್ ಹೆಂಡತಿಯ ಜೊತೆ ಬಂದಿಳಿದ. ಓರಗಿತ್ತಿ ಬಂದವಳೇ ಏಪ್ರನ್ ಕಟ್ಟಿಕೊಂಡು ತವದ ಮುಂದೆ ಕೂತಳು. ಸಂಗತಿ ಕೇಳಿದ ಜೊಂಗ್‌ಪಿಲ್ ಬಹಳ ಮರ್ಯಾದೆಯಿಂದಲೇ ನಕ್ಕ.

‘ಬೇಜಾರು ಮಾಡ್ಕೋಬೇಡಿ ಅತ್ತಿಗೆ. ಅದು ಜಾಂಗ್ ವಂಶದ ಫೋಲ್ಡರು. ಬೇರೆ ವಂಶದೋರನ್ನ ಹೇಗೆ ಸೇರ್ಸೋದು?’

ಮಲ್ಸೂನ್ ಅಡುಗೆಮನೆಗೆ ಹೋಗಿ ಒಲೆ ಆರಿಸಿದಳು. ತವದ ಮೇಲಿನ ಮೀನಿನ ಹೋಳುಗಳು ಒಂದೇ ಮಗ್ಗುಲು ಬೆಂದು ನಿಂತವು. ಬಾಗಿಲಿಗೆ ಅಡ್ಡಲಾಗಿ ಕೂತಳು. ದನಿ ತಣ್ಣಗಿತ್ತು.

‘ಬೇರೆ ವಂಶದವಳ ಕೈಯಡುಗೆ ನಿಮ್ಮ ಹಿರಿಯರಿಗೆ ಇಷ್ಟು ವರ್ಷ ರುಚಿಸ್ತು. ಹೆಸರು ಮಾತ್ರ ಆಗಲ್ಲ ಅಲ್ವಾ ಮೈದುನರೇ? ಸರಿ ಬಿಡಿ. ಜಾಂಗ್ ವಂಶದೋರೇ ಕರೀರಿ, ಬೇಯ್ಸಿ, ಬಡ್ಸಿ. ಆದ್ರೆ ಈ ಅಡುಗೆಮನೇಲಿ ಅಲ್ಲ. ಇಲ್ಲಿ ನಿಮಗೆ ಅನುಮತಿ ಇಲ್ಲ.’

ಜೊಂಗ್‌ಪಿಲ್ ಸಹಾಯಕ್ಕೆಂದು ಹೆಂಡತಿಯ ಕಡೆ ನೋಡಿದ. ಅವಳೂ ಏಪ್ರನ್ ಬಿಚ್ಚಿ, ಮಡಿಸಿ ಪಕ್ಕಕ್ಕಿಟ್ಟು, ಮಲ್ಸೂನಳ ಪಕ್ಕದಲ್ಲಿ ಕೂತುಬಿಟ್ಟಳು. ಅವಳೂ ಬೇರೆ ವಂಶದವಳೇ.

ಕೊನೆಗೆ ದೊಕ್ಸು ಕೈ ಒರೆಸಿಕೊಂಡು ಎದ್ದ. ‘ಅಣ್ಣಾ’ ಎಂದು ಜೊಂಗ್‌ಪಿಲ್ ತಡೆಯಲು ಬಂದ.

‘ಅಜ್ಜನ್ನ ಉಪವಾಸ ಕೆಡವಿದೋನು ನಾನು ಕಣೋ, ಇವಳಲ್ಲ’ ಎಂದು ದೊಕ್ಸು ತನ್ನ ಪಾಸ್‌ವರ್ಡ್ ಒತ್ತಿ ಕುರ್ಚಿ ಬಿಟ್ಟುಕೊಟ್ಟ.

ಮುಂದಿನ ದಾರಿಯನ್ನು ಮಲ್ಸೂನ್ ಮೊದಲೇ ಮಗಳಿಂದ ಫೋನಿನಲ್ಲಿ ಕೇಳಿ ತಿಳಿದುಕೊಂಡಿದ್ದಳು. ಫೋಲ್ಡರಿನ ಮೇಲೆ ಮೌಸಿನ ಬಲಗಡೆ ಒತ್ತಿ ಪ್ರಾಪರ್ಟೀಸ್, ಅದರಲ್ಲಿ ಸೆಕ್ಯುರಿಟಿ, ಅಲ್ಲಿ ತನ್ನ ಹೆಸರು. ‘ಪೂರ್ಣ ಅಧಿಕಾರ’ದ ಮುಂದೆ ಗುರುತು ಹಾಕಿದಳು. ಒಂದು ಗಳಿಗೆ ಯೋಚಿಸಿ, ಜೊಂಗ್‌ಪಿಲ್ ಹೆಸರಿನ ಮುಂದಿದ್ದ ಗುರುತುಗಳಲ್ಲಿ ಓದುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ತೆಗೆದಳು. ಅಮ್ಮನ ಹಾಳೆಯನ್ನು ತೀರಿಹೋದ ಅತ್ತೆಯ ಹಾಳೆಯ ಪಕ್ಕದಲ್ಲೇ ಉಳಿಸಿದಳು. ಈ ಸಲ ಕಂಪ್ಯೂಟರ್ ತುಟಿಪಿಟಕ್ಕೆನ್ನಲಿಲ್ಲ. ಹೋಗಿ ಒಲೆ ಹಚ್ಚಿದಳು.

ಸಂಜೆ ಅಮ್ಮನಿಗೆ ಇಷ್ಟವಾದ ಸಿಹಿಗುಂಬಳದ ಗಂಜಿಯಿಟ್ಟು ಮಲ್ಸೂನ್ ಅಡ್ಡಬಿದ್ದಳು. ದೊಕ್ಸುವೂ ಬಿದ್ದ. ಪಟ್ಟಿ ಸುಟ್ಟು ಬೂದಿ ಮೇಲೆದ್ದಾಗ ಅವಳಿಗೆ ಅಳು ಬಂತು, ಭಯ ಮಾತ್ರ ಆಗಲಿಲ್ಲ; ಹಾಳೆ ಫೋಲ್ಡರಿನಲ್ಲಿ ಭದ್ರವಾಗಿತ್ತು.

ಹಬ್ಬದ ಬೆಳಿಗ್ಗೆ ಅವಳು ಸಾರಿನ ಪಾತ್ರೆ ಹಿಡಿದು ಹೊರಬಂದಾಗ ಜೊಂಗ್‌ಪಿಲ್ ಕಂಪ್ಯೂಟರಿನ ಮುಂದೆ ಕೂತಿದ್ದ. ಮಲ್ಸೂನಳ ಅಮ್ಮನ ಹಾಳೆಯನ್ನು ಸದ್ದಿಲ್ಲದೆ ಎತ್ತಿ ಡೆಸ್ಕ್‌ಟಾಪಿಗೆ ಹಾಕಲು ನೋಡುತ್ತಿದ್ದ. ತೆರೆಯ ಮೇಲೆ ಅನುಮತಿ ಇಲ್ಲ, ಅಡ್ಮಿನಿಸ್ಟ್ರೇಟರನ್ನು ಕೇಳಿ ಎಂಬ ಅದೇ ಮಾತು. ಬೀಗ ಹಾಕಲು ಬಲ್ಲವನಿಗೆ ತೆಗೆಯುವುದು ಕಷ್ಟವಿರಲಿಲ್ಲ. ಆದರೆ ಬೆನ್ನ ಹಿಂದೆ ಸಾರಿನ ಪರಿಮಳ ಬಂದು ನಿಂತಿತ್ತು.

‘ಕೇಳಿ ಮೈದುನರೇ. ಇಲ್ಲೇ ಇದೀನಿ’ ಎಂದಳು ಮಲ್ಸೂನ್.

ಅವನು ಕೇಳಲಿಲ್ಲ. ಎದ್ದು ಅವಳ ಕೈಯಿಂದ ಪಾತ್ರೆ ಇಸಿದುಕೊಂಡ. ಮಲ್ಸೂನ್ ಕುರ್ಚಿಯಲ್ಲಿ ಕೂತು, ಫೋಲ್ಡರಿನಲ್ಲಿದ್ದವರನ್ನೆಲ್ಲ ಪ್ರಿಂಟಿಗೆ ಹಾಕಿದಳು.