ಇಪ್ಪತ್ತೈದು ಕಿಲೋ ಚೀಲ

ಆಪರೇಷನ್ ಆಗಿ ನಾಲ್ಕು ತಿಂಗಳಿಗೆ ನಾನು ಮೂವತ್ತೊಂದು ಕಿಲೋ ಇಳಿದಿದ್ದೆ. ಹೊಟ್ಟೆಯನ್ನು ಕತ್ತರಿಸಿ ಬಾಳೆಹಣ್ಣಿನಷ್ಟು ಮಾಡಿ ಕಳಿಸಿದವರು ಡಾಕ್ಟರು. ಮಿಕ್ಕ ಕೆಲಸ ಮಾಡಿದ್ದು ನನ್ನ ಕಾಲು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ಹಿಂದೆ ನಾಯಿ ಬಿದ್ದವಳ ಹಾಗೆ ನಡೆಯುತ್ತಿದ್ದೆ. ಬೇಕರಿಯ ಒಳಕೋಣೆಯಲ್ಲಿ ಹಿಟ್ಟು ತೂಗುವ ಮಷೀನಿದೆ. ದಿನಾ ಅದರ ಮೇಲೆ ಹತ್ತಿ ನಿಲ್ಲುತ್ತಿದ್ದೆ. ಅಂಕಿ ಇಳಿದಿದ್ದರೆ ಆ ದಿನವೆಲ್ಲ ನನಗೆ ಹಬ್ಬ.

"ಚಪ್ಪಲಿ ಬಿಟ್ಟು ಹತ್ತಕ್ಕ, ನಾಳೆ ಅದರ ಮೇಲೇ ಹಿಟ್ಟು ಇಡ್ಬೇಕು" ಎಂದು ತಮ್ಮ ಗೊಣಗುತ್ತಿದ್ದ.

ಬೇಕರಿ ನಮ್ಮಿಬ್ಬರದು. ಇಪ್ಪತ್ತಾರು ವರ್ಷ ಭಟ್ಟಿ ನನ್ನದು, ಕೌಂಟರು ಅವನದು. ಆಪರೇಷನ್ ಆದಮೇಲೆ ಅದಲುಬದಲಾಯಿತು. ಅವನು ನನ್ನ ಏಪ್ರನ್ ತೊಟ್ಟು ಭಟ್ಟಿ ಮುಂದೆ ನಿಂತ. ನನ್ನನ್ನು ಕೌಂಟರಿನ ಹಿಂದೆ ಮೆತ್ತೆ ಹಾಕಿದ ಕುರ್ಚಿಯಲ್ಲಿ ಕೂರಿಸಿದ. ಅವನು ಸುಟ್ಟ ಬ್ರೆಡ್ಡು ಮೇಲೆ ಇದ್ದಿಲು, ಒಳಗೆ ಅಂಟು. ಕೊಳ್ಳಲು ಬಂದವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಯಾವಾಗ ಒಳಗೆ ಹೋಗ್ತೀರಮ್ಮಾ?" ಎಂದು ಕೇಳುತ್ತಿದ್ದರು. ಭಟ್ಟಿಯಿಲ್ಲದೆ ನಾನು ಯಾರು? ತೆಳ್ಳಗಾಗಿ ಕುರ್ಚಿ ಮೇಲೆ ಕೂರುವುದಕ್ಕಾ ಹೊಟ್ಟೆ ಕೊಯ್ಯಿಸಿಕೊಂಡದ್ದು?

ಇನ್ನು ಸ್ವಲ್ಪ ಸ್ವಲ್ಪವಾಗಿ ಭಾರ ಎತ್ತಬಹುದು ಎಂದು ಡಾಕ್ಟರು ಹೇಳಿದರು. 'ಸ್ವಲ್ಪ ಸ್ವಲ್ಪವಾಗಿ' ಎನ್ನುವುದು ನನ್ನ ಕಿವಿಗೆ ಬೀಳಲೇ ಇಲ್ಲ. ನೇರ ಬಂದು ಇಪ್ಪತ್ತೈದು ಕಿಲೋ ಮೈದಾ ಚೀಲಕ್ಕೆ ಕೈ ಹಾಕಿದೆ. ಚೀಲ ಮಂಡಿಯವರೆಗೆ ಬಂತು, ಕಾಲು ಗಡಗಡ ನಡುಗಿತು, ಧೊಪ್ಪೆಂದು ಕೂತುಬಿಟ್ಟೆ. ಚೀಲ ಒಡೆದು ತಲೆಯಿಂದ ಕಾಲಿನವರೆಗೆ ಮೈದಾ. ನೂರಾ ಹದಿನೆಂಟು ಕಿಲೋ ಇದ್ದಾಗ ಆಡಾಡುತ್ತಾ ಎತ್ತುತ್ತಿದ್ದ ಚೀಲ! ಅವಮಾನಕ್ಕೆ ಅತ್ತುಬಿಟ್ಟೆ.

ತಮ್ಮ ನನ್ನನ್ನು ಎಬ್ಬಿಸಿ, ಹಿಟ್ಟು ಕೊಡವಿ, ಖಡಾಖಂಡಿತವಾಗಿ ಹೇಳಿದ. "ಇಂಥ ಚೀಲಾನ ನೆಲದಿಂದ ಮೇಜಿನ ಮೇಲೆ ಒಬ್ಬಳೇ ಎತ್ತಿಡೋ ದಿನ ಭಟ್ಟಿ ನಿಂದು. ಅಲ್ಲೀವರೆಗೂ ಒಳಗೆ ಕಾಲಿಡಬೇಡ."

ಆಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲಿ ಒಬ್ಬ ಟೀಚರಿದ್ದಳು. ಪುಟ್ಟ ಆಳು, ಪಟಪಟ ಮಾತು; ನಾನು ಅವಳಿಗೆ ಗುಬ್ಬಿ ಟೀಚರ್ ಎಂದೇ ಹೆಸರಿಟ್ಟಿದ್ದೆ. ನನ್ನ ಕಥೆ ಕೇಳಿ ಹಣೆ ಚಚ್ಚಿಕೊಂಡಳು.

"ಅಮ್ಮಾ, ನೀವು ತಿನ್ನೋದೇ ಎರಡು ಹಿಡಿ. ಅದರಲ್ಲಿ ಬರೀ ನಡೆದೂ ನಡೆದೂ ಕೊಬ್ಬಿನ ಜೊತೆ ಮಾಂಸಖಂಡಾನೂ ಕರಗಿಸ್ಕೊಂಡಿದ್ದೀರ. ನಡಿಗೆ ಹೃದಯಕ್ಕೆ ಬೇಕು, ಬಿಡಬೇಡಿ, ಕಡಿಮೆ ಮಾಡಿ. ವಾರಕ್ಕೆ ಮೂರು ದಿನ ತೂಕ ಎತ್ತಿ, ಮೂರು ದಿನ ಮುಕ್ಕಾಲು ಗಂಟೆ ನಡೀರಿ, ಒಂದು ದಿನ ತೆಪ್ಪಗೆ ಕೂತ್ಕೊಳ್ಳಿ. ತಟ್ಟೇಲಿ ಮೊಟ್ಟೆ, ಬೇಳೆ ಮೊದಲು, ಬ್ರೆಡ್ಡು ಆಮೇಲೆ."

ಬೇಕರಿಯವಳಿಗೆ ಹೇಳುವ ಮಾತಾ ಅದು? ಸಹಿಸಿಕೊಂಡೆ. ಅವಳು ಎರಡು ಕಿಲೋ ಡಂಬೆಲ್ ಕೈಗಿಟ್ಟಳು.

"ಇದೇನು ಗಿಲಕೀನಾ?" ಎಂದೆ.

"ಹನ್ನೆರಡು ಸಲ ಎತ್ತಿ, ಆಮೇಲೆ ಮಾತಾಡಿ."

ಒಂಬತ್ತನೆಯದಕ್ಕೆ ತೋಳು ಮೇಲೇಳಲೇ ಇಲ್ಲ.

ಒಂದು ತಿಂಗಳು ಅವಳು ಹೇಳಿದ ಹಾಗೇ ಮಾಡಿದೆ. ಗ್ರಹಚಾರ ನೋಡಿ, ಅಷ್ಟರಲ್ಲಿ ಮಷೀನಿನ ಅಂಕಿ ಎಂಬತ್ನಾಲ್ಕಕ್ಕೆ ಬಂದು ನಿಂತಿತು. ಒಂದು ವಾರ, ಎರಡು ವಾರ, ಊಹೂಂ. ಮೂರನೇ ವಾರ ಇನ್ನೂರು ಗ್ರಾಂ ಏರಿತು. ನನ್ನ ಪಿತ್ತ ನೆತ್ತಿಗೇರಿತು. ಈ ಗುಬ್ಬಿ ನನ್ನನ್ನು ಮತ್ತೆ ಆನೆ ಮಾಡಲು ಹೊರಟಿದ್ದಾಳೆ ಎಂದು ಡಂಬೆಲ್‌ಗಳಿಗೆ ಕೈಮುಗಿದು, ಮತ್ತೆ ಬೆಳಿಗ್ಗೆ ಸಂಜೆ ರಸ್ತೆ ಅಳೆಯತೊಡಗಿದೆ.

ಒಂದು ಮಧ್ಯಾಹ್ನ ಕುರ್ಚಿಯಿಂದಲೇ ಕೂಗಿದೆ. "ಹಿಟ್ಟು ಉಬ್ಬಿತಾ ನೋಡೋ!"

ತಮ್ಮ ಹಿಟ್ಟಿನ ಪಾತ್ರೆಯನ್ನು ಎರಡೂ ಕೈಯಲ್ಲಿ ತಂದು, ನನ್ನ ಕಣ್ಣೆದುರೇ ತೂಕದ ಮಷೀನಿನ ಮೇಲಿಟ್ಟು, ಗಂಭೀರವಾಗಿ ಬಗ್ಗಿ ನೋಡಿದ. "ಇಲ್ಲಕ್ಕ. ಕಲಸಿದಾಗ ಎಷ್ಟಿತ್ತೋ ಅಷ್ಟೇ ಇದೆ. ಉಬ್ಬಿಲ್ಲ."

"ಲೋ, ತಲೆ ನೆಟ್ಟಗಿದೆಯಾ ನಿಂಗೆ? ಉಬ್ಬಿದ್ದು ತೂಕದಲ್ಲಿ ಗೊತ್ತಾಗುತ್ತೇನೋ? ಬೆರಳಲ್ಲಿ ಒತ್ತಿ ನೋಡೋ!"

"ಹೌದಾ?" ಅವನು ಸೊಂಟದ ಮೇಲೆ ಕೈಯಿಟ್ಟ. "ಹಂಗಾದ್ರೆ ದಿನಾ ಬೆಳಿಗ್ಗೆ ಇದರ ಮೇಲೆ ನಿಂತ್ಕೊಂಡು ಇದಕ್ಕೇ ಬೈತೀಯಲ್ಲ, ನಿನ್ನನ್ನ ಯಾವತ್ತಾದ್ರೂ ಒತ್ತಿ ನೋಡ್ಕೊಂಡಿದ್ದೀಯಾ?"

ಕೆಲಸ ಕಲಿಯಲು ಬಂದವರಿಗೆಲ್ಲ ಹಿಟ್ಟನ್ನು ತೂಗಬೇಡಿ, ಒತ್ತಿ ನೋಡಿ ಎಂದು ಬೈದವಳು ನಾನು. ಅವನು ಆಚೆ ಹೋದಮೇಲೆ ಕಳ್ಳಿಯ ಹಾಗೆ ತೋಳು ಒತ್ತಿ ನೋಡಿಕೊಂಡೆ. ಜೋಲುತ್ತಿದ್ದ ತೊಗಲಿನ ಒಳಗೆ ಏನೋ ಗಟ್ಟಿಯಾಗಿ ಬೆರಳನ್ನು ಎದುರಿಸಿತು. ತೂಕ ನಿಂತೇ ಇದ್ದ ಆ ವಾರಗಳಲ್ಲಿ ಸೊಂಟದ ಬೆಲ್ಟು ಎರಡು ತೂತು ಒಳಗೆ ಹೋಗಿತ್ತು. ಅದು ನನಗೆ ಕಂಡೇ ಇರಲಿಲ್ಲ.

ಮರುದಿನ ಗುಬ್ಬಿ ಟೀಚರ ಮುಂದೆ ಹೋಗಿ ನಿಂತೆ. ಅವಳು ಮೂರು ಕಿಲೋ ಡಂಬೆಲ್ ಕೊಟ್ಟಳು. ಮೂರು ಐದಾಯಿತು, ಐದು ಎಂಟಾಯಿತು. ಬೆನ್ನು ನೆಟ್ಟಗಿಟ್ಟು, ಮಂಡಿ ಮಡಿಸಿ, ನೆಲದಿಂದ ಭಾರ ಎತ್ತುವುದನ್ನು ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ ಕಲಿಸಿದಳು. ನಡಿಗೆಯನ್ನೂ ಬಿಡಲಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ನಿಂತಿತು. ಹೀಗೆ ಏಳು ತಿಂಗಳು.

ಒಂದು ಭಾನುವಾರ ಮಧ್ಯಾಹ್ನ, ಬಾಗಿಲು ಹಾಕಿಕೊಂಡು, "ಚೀಲ ತಗೊಂಬಾ" ಎಂದೆ.

ತಮ್ಮ ತಂದು ನೆಲದ ಮೇಲಿಟ್ಟ. ಅವನ ಮುಖ ಬಿಳಿಚಿಕೊಂಡಿತ್ತು. ನಾನು ಕಾಲು ಅಗಲಿಸಿ, ಮಂಡಿ ಮಡಿಸಿ, ಉಸಿರು ತುಂಬಿ ಎತ್ತಿದೆ. ಸಲೀಸಾಗಿ ಎದೆಗೆ ಬಂತು. ಸಲೀಸಾಗಿ? ಅಲ್ಲೇ ನಿಂತೆ. ಇಪ್ಪತ್ತಾರು ವರ್ಷ ಈ ಚೀಲ ಅಪ್ಪಿಕೊಂಡ ಕೈ ಇದು.

ಚೀಲವನ್ನು ಮೆಲ್ಲಗೆ ಕೆಳಗಿಟ್ಟೆ. "ಇದು ಇಪ್ಪತ್ತೈದಲ್ಲ."

"ಏ, ಸುಮ್ನಿರಕ್ಕ..."

"ಎಷ್ಟು ತೆಗೆದಿದ್ದೀಯ, ಕಳ್ಳ?"

ಅವನು ತಲೆ ತಗ್ಗಿಸಿದ. "ಮೂರು ಕಿಲೋ. ಅವತ್ತು ನೀನು ಬಿದ್ದು ಅತ್ತಿದ್ದು ನೋಡಿದೀನಿ. ಇನ್ನೊಂದು ಸಲ ನೋಡೋಕೆ ನನ್ನ ಕೈಲಾಗಲ್ಲ ಕಣಕ್ಕ."

ಈ ಪೆದ್ದನ ಮೇಲೆ ನನಗೆ ಎಷ್ಟು ಪ್ರೀತಿಯಿದೆ ಎನ್ನುವುದು ಆ ಕ್ಷಣದವರೆಗೂ ನನಗೇ ಗೊತ್ತಿರಲಿಲ್ಲ. ಆದರೆ ಪ್ರೀತಿ ಬೇರೆ, ಭಟ್ಟಿ ಬೇರೆ.

"ತಂದು ಸುರಿ" ಎಂದೆ.

ಅವನು ಮೂರು ಕಿಲೋ ತೂಗಿ ತಂದು ಸುರಿದ. ಮತ್ತೆ ಮಂಡಿ ಮಡಿಸಿದೆ. ಈ ಸಲ ಚೀಲ ನನ್ನನ್ನು ಕೆಳಕ್ಕೆಳೆಯಿತು. ತೊಡೆ ಉರಿಯಿತು, ಹಲ್ಲು ಕಚ್ಚಿದೆ. ಮಂಡಿ ದಾಟಿತು, ಸೊಂಟ ದಾಟಿತು. ಧಡ್ ಎಂದು ಮೇಜಿನ ಮೇಲೆ ಕೂತಿತು. ತಮ್ಮ ಮಕ್ಕಳ ಹಾಗೆ ಚಪ್ಪಾಳೆ ಹೊಡೆಯುತ್ತಾ ಕಣ್ಣೊರೆಸಿಕೊಂಡ.

"ಏಪ್ರನ್ ಬಿಚ್ಚು" ಎಂದೆ.

ಬಿಚ್ಚಿ ಕೊಟ್ಟು, ಹೋಗಿ ಮೆತ್ತೆ ಕುರ್ಚಿಯಲ್ಲಿ ಕುಸಿದು ಕೂತ. "ಅಬ್ಬಾ! ಎಷ್ಟು ದಿನ ಆಗಿತ್ತಕ್ಕ ಇಲ್ಲಿ ಕೂತು."

"ಕೂತ್ಕೊ. ಸಂಜೆ ಮಾತ್ರ ನನ್ನ ಜೊತೆ ನಡೆಯೋಕೆ ಬರ್ಬೇಕು" ಎಂದೆ, ಏಪ್ರನ್ನಿನ ದಾರವನ್ನು ಸೊಂಟಕ್ಕೆ ಎರಡು ಸುತ್ತು ಸುತ್ತಿ ಕಟ್ಟುತ್ತಾ. "ನಿನ್ನ ಹೊಟ್ಟೆ ಉಬ್ಬಿರೋದು ಒತ್ತಿ ನೋಡದೇನೇ ಗೊತ್ತಾಗ್ತಿದೆ."